ಎರಡು ಲಿನಕ್ಸ್‌ಗಳಿಗೆ ಒಂದೇ ಉಗ್ರಾಣ

ಒಂದೇ ಸೂರಿನ ಕೆಳಗೆ ಎರಡು ಒಲೆಗಳು ಉರಿಯುವ ಮನೆಗಳುಂಟು. ಅಡಿಗೆ ಬೇರೆ, ಪಂಕ್ತಿ ಬೇರೆ. ಆದರೆ ಉಗ್ರಾಣ ಒಂದೇ. ಇಂಥ ಏರ್ಪಾಡು ಸುಸೂತ್ರವಾಗಿ ನಡೆಯಬೇಕಾದರೆ ಉಗ್ರಾಣದ ಬಾಗಿಲು ಎಲ್ಲಿದೆ, ಬೀಗದ ಕೈಯನ್ನು ಯಾರು ಹಿಡಿಯತಕ್ಕದ್ದು, ಲೆಕ್ಕವನ್ನು ಯಾವ ಕ್ರಮದಲ್ಲಿ ಬರೆಯತಕ್ಕದ್ದು ಎಂಬ ವಿಷಯಗಳಲ್ಲಿ ಎರಡು ಕಡೆಯವರಿಗೂ ಒಮ್ಮತವಿರಬೇಕಾಗುತ್ತದೆ. ಒಮ್ಮತ ತಪ್ಪಿತೆಂದರೆ ತುಂಬಿದ ಉಗ್ರಾಣದ ಮುಂದೆಯೇ ಹಸಿದು ನಿಲ್ಲಬೇಕಾದೀತು.

ಒಂದೇ ಕಂಪ್ಯೂಟರಿನಲ್ಲಿ ಎರಡು ಲಿನಕ್ಸ್ ವ್ಯವಸ್ಥೆಗಳನ್ನು ಸ್ಥಾಪಿಸಿಕೊಂಡು, ಎರಡಕ್ಕೂ ಸೇರಿದಂತೆ ಹಾಡು ಮತ್ತು ಚಲನಚಿತ್ರಗಳ ಒಂದೇ ಸಂಗ್ರಹವನ್ನು ಇಟ್ಟುಕೊಳ್ಳಲು ಬಯಸುವವರ ಮುಂದಿರುವ ಸಮಸ್ಯೆಯೂ ಇಂಥದೇ. ನೋಡುವುದಕ್ಕೆ ಅದು ಸಣ್ಣ ಸಮಸ್ಯೆ. ಆದರೆ ಅದನ್ನು ಬಿಡಿಸುತ್ತ ಹೋದಂತೆ ಕಂಪ್ಯೂಟರು ಒಂದು ಕಡತವನ್ನು ಎಲ್ಲಿ ಹುಡುಕುತ್ತದೆ, ಅದರ ಒಡೆಯನನ್ನು ಹೇಗೆ ಗುರುತಿಸುತ್ತದೆ, ಬರೆದುದನ್ನು ಹೇಗೆ ಕಾಪಾಡುತ್ತದೆ ಎಂಬ ಮೂಲಭೂತ ಸಂಗತಿಗಳು ನಮಗೆ ತಿಳಿದುಬರುತ್ತವೆ.

ಎರಡು ವ್ಯವಸ್ಥೆಗಳೇಕೆ?

ಕಂಪ್ಯೂಟರಿನ ಯಂತ್ರಭಾಗಗಳನ್ನು ನಿಯಂತ್ರಿಸಿ, ನಾವು ಬಳಸುವ ಇತರ ಪ್ರೋಗ್ರಾಮುಗಳಿಗೆ ಬೇಕಾದ ಸೌಕರ್ಯಗಳನ್ನು ಒದಗಿಸಿಕೊಡುವ ಮೂಲ ಪ್ರೋಗ್ರಾಮಿಗೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಲಿನಕ್ಸ್ ಅಂಥ ವ್ಯವಸ್ಥೆಗಳಲ್ಲೊಂದು. ಇದರ ತಿರುಳನ್ನು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಬರೆದು ಪ್ರಕಟಿಸಿದರು. ಈ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ತಮಗೆ ಸರಿತೋರಿದ ಉಪಕರಣಗಳನ್ನು ಜೋಡಿಸಿ ಪೂರ್ಣ ವ್ಯವಸ್ಥೆಗಳನ್ನು ಸಿದ್ಧಪಡಿಸುತ್ತವೆ. ೧೯೯೩ರಲ್ಲಿ ಆರಂಭವಾದ ಡೆಬಿಯನ್, ೨೦೦೩ರಲ್ಲಿ ಹೊರಬಂದ ಫೆಡೋರ ಎರಡೂ ಹೀಗೆ ಸಿದ್ಧವಾದವುಗಳು.

ತಿರುಳು ಒಂದೇ ಆದರೂ ಇವುಗಳ ಸ್ವಭಾವ ಬೇರೆ. ಡೆಬಿಯನ್‌ನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಗಳಿಗೊಮ್ಮೆ ಬರುತ್ತದೆ. ಚೆನ್ನಾಗಿ ಪರೀಕ್ಷಿಸಿದ ಹಳೆಯ ಸಾಮಗ್ರಿಗೆ ಅಲ್ಲಿ ಹೆಚ್ಚು ಮನ್ನಣೆ. ಫೆಡೋರ ಸುಮಾರು ಆರು ತಿಂಗಳಿಗೊಮ್ಮೆ ಹೊಸ ರೂಪವನ್ನು ತಾಳುತ್ತದೆ. ಆದುದರಿಂದ ನಿತ್ಯದ ಅಭ್ಯಾಸಕ್ಕೆ ಒಂದನ್ನೂ ಹೊಸ ವಿಷಯಗಳನ್ನು ಕಲಿಯುವುದಕ್ಕೆ ಇನ್ನೊಂದನ್ನೂ ಇರಿಸಿಕೊಳ್ಳುವ ವಿದ್ಯಾರ್ಥಿಗಳುಂಟು. ಯಂತ್ರವನ್ನು ಚಾಲೂ ಮಾಡಿದಾಗ ಯಾವುದು ಬೇಕೆಂದು ಪರದೆಯ ಮೇಲೆ ಕೇಳುತ್ತದೆ. ಆರಿಸಿದ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಇನ್ನೊಂದು ಡಿಸ್ಕಿನ ಮೇಲೆ ನಿದ್ರಿಸುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಎಚ್ಚರವಿರುವುದಿಲ್ಲ ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಮುಖ್ಯವಾಗುತ್ತದೆ.

ಉಗ್ರಾಣದಲ್ಲಿ ಏನೇನಿದೆ?

ಮನೆಯ ಕಂಪ್ಯೂಟರಿನಲ್ಲಿರುವ ಹಾಡು, ಚಲನಚಿತ್ರ, ಛಾಯಾಚಿತ್ರಗಳನ್ನು ಅದೇ ಮನೆಯ ಟೆಲಿವಿಷನ್ನಿಗೂ ಮೊಬೈಲುಗಳಿಗೂ ಒದಗಿಸಿಕೊಡುವ ಪ್ರೋಗ್ರಾಮಿಗೆ ಮೀಡಿಯಾ ಸರ್ವರು ಎನ್ನುತ್ತಾರೆ. ಇಂಥವು ಹಲವಿವೆ. ಉದಾಹರಣೆಗಾಗಿ ನಾವು ಜೆಲ್ಲಿಫಿನ್ ಎಂಬುದನ್ನು ತೆಗೆದುಕೊಳ್ಳೋಣ. ಎಂಬಿ ಎಂಬ ಸರ್ವರಿನಿಂದ ೨೦೧೮ರಲ್ಲಿ ಕವಲೊಡೆದು ಬಂದ ಇದನ್ನು ಯಾರು ಬೇಕಾದರೂ ಹಣಕೊಡದೆ ಬಳಸಬಹುದು. ಇದರ ಒಳರಚನೆಯನ್ನು ಓದಿ ತಿದ್ದಲೂಬಹುದು.

ಈ ಸರ್ವರಿಗೆ ಸಂಬಂಧಿಸಿದ ಸಾಮಗ್ರಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹಾಡು-ಚಿತ್ರಗಳ ಕಡತಗಳು. ಇವುಗಳ ಗಾತ್ರ ದೊಡ್ಡದು. ಆದರೆ ಒಮ್ಮೆ ತಂದಿಟ್ಟ ಮೇಲೆ ಬದಲಾಗುವುದು ಅಪರೂಪ. ಎರಡನೆಯದು ಲೆಕ್ಕಪತ್ರ. ಯಾವ ಕಡತ ಯಾವ ಕೃತಿಯದು, ಹಾಡಿದವರು ಯಾರು, ಮನೆಯವರಲ್ಲಿ ಯಾರು ಯಾವುದನ್ನು ಎಷ್ಟರವರೆಗೆ ನೋಡಿ ನಿಲ್ಲಿಸಿದ್ದಾರೆ ಎಂಬ ವಿವರಗಳೆಲ್ಲ ಒಂದು ಡೇಟಾಬೇಸಿನಲ್ಲಿ ಇರುತ್ತವೆ. ಇದರ ಗಾತ್ರ ಚಿಕ್ಕದು. ಆದರೆ ಇದು ಗಳಿಗೆ ಗಳಿಗೆಗೂ ಬದಲಾಗುತ್ತಿರುತ್ತದೆ. ಮೂರನೆಯದು ತಾತ್ಕಾಲಿಕ ಸಾಮಗ್ರಿ: ಟೆಲಿವಿಷನ್ನಿಗೆ ಒಗ್ಗುವಂತೆ ಆಗಿಂದಾಗ್ಗೆ ಮಾರ್ಪಡಿಸಿದ ಚಿತ್ರದ ತುಣುಕುಗಳು, ಚಿಕ್ಕದಾಗಿಸಿದ ಮುಖಚಿತ್ರಗಳು, ದಿನಚರಿಯ ದಾಖಲೆಗಳು. ಇವು ಹಾಳಾದರೆ ಸರ್ವರು ಮತ್ತೆ ತಾನೇ ಸಿದ್ಧಪಡಿಸಿಕೊಳ್ಳುತ್ತದೆ.

ಈ ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು ಯಾವುದು? ಗಾತ್ರದಿಂದ ಅಳೆದರೆ ಮೊದಲನೆಯದು. ಆದರೆ ಪ್ರಸಿದ್ಧ ಚಲನಚಿತ್ರವೊಂದರ ಪ್ರತಿ ಕಳೆದುಹೋದರೆ ಇನ್ನೊಂದು ದೊರಕೀತು. ಅದರ ವಿವರವನ್ನೂ ಸರ್ವರು ಅಂತರ್ಜಾಲದಿಂದ ತಾನೇ ತಂದುಕೊಂಡೀತು. ಮನೆಯ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆಯ ಅಥವಾ ಗಮಕ ವಾಚನದ ಸಂಗತಿ ಹಾಗಲ್ಲ. ಭಾಗವತರು ಯಾರು, ಅರ್ಥಧಾರಿಗಳು ಯಾರು, ಪ್ರಸಂಗ ಯಾವುದು, ಯಾವ ವರ್ಷ ನಡೆದದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಕೇಳಿ ಒಂದೊಂದಾಗಿ ಬರೆದು ತುಂಬಿಸಿರಬೇಕು. ಆ ಬರವಣಿಗೆ ಆ ಡೇಟಾಬೇಸಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹೇಳಿದ ಹಿರಿಯರು ಮುಂದೆ ಹೇಳುವ ಸ್ಥಿತಿಯಲ್ಲಿ ಇಲ್ಲದೆಯೂ ಇರಬಹುದು. ಹೀಗಿರುವಲ್ಲಿ, ಈ ಚಿಕ್ಕ ಲೆಕ್ಕಪತ್ರವನ್ನು ಎರಡು ವ್ಯವಸ್ಥೆಗಳ ಕೈಗೆ ಒಪ್ಪಿಸುವ ಮುನ್ನ ನಾಲ್ಕು ವಿಷಯಗಳನ್ನು ಗಟ್ಟಿಮಾಡಿಕೊಳ್ಳುವುದು ಅಗತ್ಯ. ಅವು ಸ್ಥಳ, ಒಡೆತನ, ಆವೃತ್ತಿ ಮತ್ತು ಸರದಿ.

ಸ್ಥಳದ ಒಪ್ಪಂದ

ಡಿಸ್ಕನ್ನು ಹಲವು ಭಾಗಗಳಾಗಿ ವಿಂಗಡಿಸಬಹುದು. ಇವುಗಳಿಗೆ ಪಾರ್ಟಿಷನ್ ಎಂದು ಹೆಸರು. ಡೆಬಿಯನ್‌ಗೆ ಒಂದು, ಫೆಡೋರಕ್ಕೆ ಒಂದು ಇದ್ದೇ ಇರುತ್ತವೆ. ಹಂಚಿಕೊಳ್ಳಬೇಕಾದ ಸಾಮಗ್ರಿಯನ್ನು ಇವೆರಡರಲ್ಲಿ ಯಾವುದರೊಳಗೂ ಇಡದೆ ಮೂರನೆಯ ಪಾರ್ಟಿಷನ್ನಿನಲ್ಲಿ ಇಡುವುದು ಒಳ್ಳೆಯದು. ಮುಂದೆ ಒಂದು ವ್ಯವಸ್ಥೆಯನ್ನು ಅಳಿಸಿ ಹೊಸದನ್ನು ಹಾಕಿದರೂ ಉಗ್ರಾಣಕ್ಕೆ ಧಕ್ಕೆಯಾಗುವುದಿಲ್ಲ. ಆ ಪಾರ್ಟಿಷನ್ನಿಗೆ ೨೦೦೮ರಿಂದ ಲಿನಕ್ಸ್ ತಿರುಳಿನಲ್ಲಿ ಸ್ಥಿರವಾಗಿ ನೆಲೆಸಿರುವ ಎಕ್ಸ್ಟ್‌೪ ಎಂಬ ಕಡತ ವಿನ್ಯಾಸವನ್ನು ಕೊಟ್ಟರೆ ಎರಡು ವ್ಯವಸ್ಥೆಗಳೂ ಅದನ್ನು ಸಲೀಸಾಗಿ ಓದುತ್ತವೆ.

ಲಿನಕ್ಸ್‌ನಲ್ಲಿ ಪಾರ್ಟಿಷನ್ನು ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಯಾವುದಾದರೊಂದು ಫೋಲ್ಡರಿನ ಜಾಗಕ್ಕೆ ಜೋಡಿಸಬೇಕು. ಈ ಜೋಡಣೆಗೆ ಮೌಂಟ್ ಎನ್ನುತ್ತಾರೆ. ಒಂದೇ ಪಾರ್ಟಿಷನ್ನನ್ನು ಡೆಬಿಯನ್ ‘/ಸರ್ವ್/ಮೀಡಿಯಾ’ ಎಂಬಲ್ಲಿ ಜೋಡಿಸಿ, ಫೆಡೋರ ‘/ಎಂಎನ್‌ಟಿ/ಹಾಡು’ ಎಂಬಲ್ಲಿ ಜೋಡಿಸಿದರೆ ಏನಾಗುತ್ತದೆ? ಕಡತಗಳು ಅವೇ, ಆದರೆ ಅವುಗಳ ವಿಳಾಸ ಬೇರೆಯಾಯಿತು. ಸರ್ವರು ತನ್ನ ಲೆಕ್ಕಪತ್ರದಲ್ಲಿ ಪ್ರತಿಯೊಂದು ಕಡತದ ಪೂರ್ಣ ವಿಳಾಸವನ್ನು ಬರೆದಿಟ್ಟುಕೊಂಡಿರುತ್ತದೆ. ಆ ವಿಳಾಸದಲ್ಲಿ ಕಡತ ಕಾಣದಿದ್ದರೆ ಅದು ಇಲ್ಲವೆಂದೇ ತಿಳಿಯುತ್ತದೆ. ಆದುದರಿಂದ ಎರಡು ವ್ಯವಸ್ಥೆಗಳಲ್ಲಿಯೂ ಜೋಡಣೆಯ ಸ್ಥಳ ಅಕ್ಷರಶಃ ಒಂದೇ ಆಗಿರಬೇಕು. ಅಕ್ಷರ ಒಂದು ತಪ್ಪಿದರೂ ವಿಳಾಸ ಬೇರೆಯೇ.

ಜೋಡಿಸತಕ್ಕ ಪಾರ್ಟಿಷನ್ನನ್ನು ಸೂಚಿಸುವುದಕ್ಕೂ ಒಂದು ಎಚ್ಚರಿಕೆ ಬೇಕು. ಡಿಸ್ಕುಗಳಿಗೆ ವ್ಯವಸ್ಥೆ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಮುಂತಾದ ಹೆಸರುಗಳು ಅವು ಕಂಡುಬಂದ ಸರದಿಯನ್ನು ಅನುಸರಿಸುತ್ತವೆ. ಇಂದು ಮೊದಲನೆಯದಾದದ್ದು ನಾಳೆ ಎರಡನೆಯದಾಗಬಹುದು. ಬದಲಾಗಿ ಪ್ರತಿ ಕಡತ ವಿನ್ಯಾಸಕ್ಕೂ ಅದನ್ನು ರಚಿಸಿದಾಗ ದೊರೆಯುವ ಯುಯುಐಡಿ ಎಂಬ ಗುರುತಿನ ಸಂಖ್ಯೆಯನ್ನು ಬಳಸಬೇಕು. ಇದು ೧೨೮ ಬಿಟ್‌ಗಳ ಸಂಖ್ಯೆ. ಷೋಡಶಮಾನ ಪದ್ಧತಿಯ ೩೨ ಅಂಕಗಳಾಗಿ ಬರೆಯುತ್ತಾರೆ. ಈ ಗುರುತನ್ನೂ ಜೋಡಣೆಯ ಸ್ಥಳವನ್ನೂ ‘/ಎಟ್ಸಿ/ಎಫ್‌ಸ್ಟ್ಯಾಬ್’ ಎಂಬ ಕಡತದಲ್ಲಿ ಒಂದು ಸಾಲಾಗಿ ಬರೆದರೆ, ಯಂತ್ರ ಎಚ್ಚರಗೊಂಡಾಗಲೆಲ್ಲ ಜೋಡಣೆ ತಾನಾಗಿ ನಡೆಯುತ್ತದೆ. ಈ ಸಾಲನ್ನು ಎರಡು ವ್ಯವಸ್ಥೆಗಳಲ್ಲಿಯೂ ಬರೆಯಬೇಕು.

ಯಾವುದೋ ಕಾರಣದಿಂದ ಜೋಡಣೆ ನಡೆಯಲಿಲ್ಲವೆನ್ನಿ. ಆಗ ಆ ಸ್ಥಳದಲ್ಲಿ ಬರಿಯ ಫೋಲ್ಡರು ಮಾತ್ರ ಇರುತ್ತದೆ. ಸರ್ವರು ಅಲ್ಲಿ ತನ್ನ ಲೆಕ್ಕಪತ್ರವನ್ನು ಕಾಣದೆ, ತಾನು ಹೊಸದಾಗಿ ಹುಟ್ಟಿದೆನೆಂದು ಭಾವಿಸಿ ಖಾಲಿ ಡೇಟಾಬೇಸೊಂದನ್ನು ಆರಂಭಿಸುತ್ತದೆ. ವರ್ಷಗಳ ದುಡಿಮೆ ಮಾಯವಾಯಿತೆಂದು ನೋಡುವವರ ಎದೆ ಝಲ್ಲೆನ್ನುತ್ತದೆ. ವಾಸ್ತವವಾಗಿ ಅದು ಜೋಡಣೆಯಾಗದ ಪಾರ್ಟಿಷನ್ನಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ಆದುದರಿಂದ ಜೋಡಣೆ ಮುಗಿದ ಹೊರತು ಸರ್ವರು ಏಳಕೂಡದೆಂದು ವಿಧಿಸುವುದು ಮೇಲು. ಎರಡು ವ್ಯವಸ್ಥೆಗಳಲ್ಲಿಯೂ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿ ಎಂಬ ಪ್ರೋಗ್ರಾಮಿಗೆ ‘ರಿಕ್ವಯರ್ಸ್‌ಮೌಂಟ್ಸ್‌ಫಾರ್’ ಎಂಬ ಒಂದು ಸಾಲಿನಲ್ಲಿ ಈ ವಿಧಿಯನ್ನು ತಿಳಿಸಬಹುದು.

ಹೆಸರಲ್ಲ, ಅಂಕೆ

ಸ್ಥಳ ಸರಿಯಾಯಿತು. ಆದರೂ ಫೆಡೋರದಲ್ಲಿ ಸರ್ವರನ್ನು ಎಬ್ಬಿಸಿದಾಗ ‘ಅನುಮತಿಯಿಲ್ಲ’ ಎಂಬ ಸೂಚನೆಯೊಡನೆ ಅದು ನಿಂತುಹೋಗುವುದುಂಟು. ಎರಡು ಕಡೆಯೂ ಸರ್ವರಿನ ಹೆಸರು ‘ಜೆಲ್ಲಿಫಿನ್’ ಎಂದೇ ಇದೆ, ಕಡತಗಳೂ ಜೆಲ್ಲಿಫಿನ್‌ನವೇ. ಹಾಗಾದರೆ ತನ್ನ ಕಡತವನ್ನು ತಾನೇ ತೆರೆಯಲಾಗದೆ ಹೋದದ್ದೇಕೆ?

ಇದರ ಉತ್ತರ ಯುನಿಕ್ಸ್ ಎಂಬ ಹಿರಿಯ ವ್ಯವಸ್ಥೆಯ ಕಾಲಕ್ಕೆ ನಮ್ಮನ್ನು ಕೊಂಡೊಯ್ಯುತ್ತದೆ. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದರ ರಚನೆಯನ್ನು ಆರಂಭಿಸಿದರು. ಅದರಲ್ಲಿ ಕಡತದ ಒಡೆಯನನ್ನು ಹೆಸರಿನಿಂದಲ್ಲ, ಅಂಕೆಯಿಂದ ಗುರುತಿಸುತ್ತಿದ್ದರು. ಲಿನಕ್ಸ್ ಅದೇ ರೂಢಿಯನ್ನು ಅನುಸರಿಸುತ್ತದೆ. ಡಿಸ್ಕಿನ ಮೇಲೆ ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ವಿವರಪತ್ರವಿರುತ್ತದೆ. ಅದರಲ್ಲಿ ಒಡೆಯನ ಅಂಕೆ, ಅವನ ಗುಂಪಿನ ಅಂಕೆ, ಯಾರು ಓದಬಹುದು, ಯಾರು ಬರೆಯಬಹುದು ಎಂಬ ವಿವರಗಳಿರುತ್ತವೆ. ಯಾವ ಅಂಕೆಗೆ ಯಾವ ಹೆಸರು ಎಂಬ ಪಟ್ಟಿಯಾದರೋ ಆಯಾ ವ್ಯವಸ್ಥೆಯ ಒಳಗೆ ಬೇರೆಯಾಗಿ ಇರುತ್ತದೆ. ಡೆಬಿಯನ್‌ನ ಪಟ್ಟಿಯನ್ನು ಫೆಡೋರ ಓದುವುದಿಲ್ಲ; ಫೆಡೋರದ ಪಟ್ಟಿಯನ್ನು ಡೆಬಿಯನ್ ಓದುವುದಿಲ್ಲ.

ಮನುಷ್ಯರಾದ ಬಳಕೆದಾರರಿಗೆ ಎರಡರಲ್ಲಿಯೂ ೧೦೦೦ದಿಂದ ಅಂಕೆಗಳು ಆರಂಭವಾಗುತ್ತವೆ. ಆದುದರಿಂದ ಮನೆಯಲ್ಲಿ ಒಬ್ಬನೇ ಬಳಕೆದಾರನಿದ್ದಲ್ಲಿ ಅವನಿಗೆ ತೊಡಕು ತೋರುವುದಿಲ್ಲ. ಸರ್ವರಿನಂಥ ಸೇವಾ ಪ್ರೋಗ್ರಾಮುಗಳಿಗೆ ಸ್ಥಾಪನೆಯ ಹೊತ್ತಿಗೆ ಬಿಡುವಾಗಿರುವ ಅಂಕೆ ದೊರೆಯುತ್ತದೆ. ಡೆಬಿಯನ್‌ನ ರೂಢಿಯ ಸಾಧನ ೧೦೦ರಿಂದ ಮೇಲಕ್ಕೆ ಎಣಿಸುತ್ತ ಬಿಡುವಾದ ಅಂಕೆಯನ್ನು ಹುಡುಕುತ್ತದೆ. ಫೆಡೋರದ್ದು ೯೯೯ರಿಂದ ಕೆಳಕ್ಕೆ ಎಣಿಸುತ್ತದೆ. ಒಬ್ಬ ಬೆಟ್ಟದ ಬುಡದಿಂದಲೂ ಇನ್ನೊಬ್ಬ ತುದಿಯಿಂದಲೂ ಹೊರಟರೆ ಮೊದಲ ಹೆಜ್ಜೆಯಲ್ಲೇ ಸಂಧಿಸುವುದುಂಟೆ? ಜೆಲ್ಲಿಫಿನ್‌ಗೆ ಡೆಬಿಯನ್ನಿನಲ್ಲಿ ೧೧೨, ಫೆಡೋರದಲ್ಲಿ ೯೮೧ ದೊರೆಯಿತೆಂದು ಇಟ್ಟುಕೊಳ್ಳೋಣ. ಫೆಡೋರದ ಜೆಲ್ಲಿಫಿನ್ ಬಂದು ಕದ ತಟ್ಟಿದಾಗ ತಿರುಳು ಐನೋಡನ್ನು ನೋಡುತ್ತದೆ: ಒಡೆಯ ೧೧೨, ಬಂದವನು ೯೮೧. ಹೆಸರು ಒಂದೇ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈ ತೊಡಕಿಗೆ ಅವಸರದ ಪರಿಹಾರಗಳು ಎರಡು, ಎರಡೂ ಸಲ್ಲವು. ಕಡತಗಳ ಒಡೆತನವನ್ನೆಲ್ಲ ಫೆಡೋರದ ೯೮೧ಕ್ಕೆ ಬದಲಾಯಿಸುವುದು ಒಂದು. ಹಾಗೆ ಮಾಡಿದರೆ ಮರುದಿನ ಡೆಬಿಯನ್ನಿನಲ್ಲಿ ಅದೇ ತೊಂದರೆ ತಲೆಯೆತ್ತುತ್ತದೆ. ಎಲ್ಲರಿಗೂ ಎಲ್ಲ ಅಧಿಕಾರವನ್ನು ಕೊಟ್ಟುಬಿಡುವುದು ಇನ್ನೊಂದು. ಓದುವ ಅಧಿಕಾರಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಲಿನಕ್ಸ್‌ನಲ್ಲಿ ಲೆಕ್ಕ. ಮೂರನ್ನೂ ಕೂಡಿದರೆ ೭. ಒಡೆಯ, ಗುಂಪು, ಉಳಿದವರು ಈ ಮೂವರಿಗೂ ಏಳೇಳನ್ನು ಕೊಟ್ಟರೆ ೭೭೭. ಇದು ಬೀಗವನ್ನು ತೆಗೆದೆಸೆದಂತೆ. ಸರ್ವರು ನಡೆಯುತ್ತದೆ, ನಿಜ. ಆದರೆ ಯಂತ್ರದಲ್ಲಿರುವ ಬೇರೆ ಯಾವ ಪ್ರೋಗ್ರಾಮು ಬೇಕಾದರೂ ಲೆಕ್ಕಪತ್ರವನ್ನು ತಿದ್ದಬಹುದು, ಅಳಿಸಲೂಬಹುದು.

ಸರಿಯಾದ ಪರಿಹಾರ ಸರಳವಾಗಿದೆ. ಎರಡು ಕಡೆಯೂ ಬಿಡುವಾಗಿರುವ ಒಂದು ಅಂಕೆಯನ್ನು, ೮೫೦ ಎಂದಿಟ್ಟುಕೊಳ್ಳಿ, ಮೊದಲೇ ಆರಿಸಿಕೊಳ್ಳಬೇಕು. ಸರ್ವರನ್ನು ನಿಲ್ಲಿಸಿ, ‘ಯೂಸರ್‌ಮಾಡ್’ ಮತ್ತು ‘ಗ್ರೂಪ್‌ಮಾಡ್’ ಎಂಬ ಆಜ್ಞೆಗಳಿಂದ ಎರಡು ವ್ಯವಸ್ಥೆಗಳಲ್ಲಿಯೂ ಜೆಲ್ಲಿಫಿನ್‌ನ ಅಂಕೆಯನ್ನೂ ಅದರ ಗುಂಪಿನ ಅಂಕೆಯನ್ನೂ ೮೫೦ ಮಾಡಬೇಕು. ಬಳಿಕ ಉಗ್ರಾಣದಲ್ಲಿರುವ ಲೆಕ್ಕಪತ್ರದ ಒಡೆತನವನ್ನು ‘ಚೌನ್’ ಎಂಬ ಆಜ್ಞೆಯಿಂದ ಒಂದೇ ಸಲ ೮೫೦ಕ್ಕೆ ವರ್ಗಾಯಿಸಬೇಕು. ಆಯಾ ವ್ಯವಸ್ಥೆಯೊಳಗೆ ಹಳೆಯ ಅಂಕೆಯ ಹೆಸರಿನಲ್ಲಿ ಉಳಿದಿರುವ ಜೆಲ್ಲಿಫಿನ್‌ನ ಇತರ ಕಡತಗಳಿಗೂ ಹೀಗೆಯೇ ಮಾಡಬೇಕು. ಅಂದಿನಿಂದ ತಿರುಳಿನ ಕಣ್ಣಿಗೆ ಎರಡು ಸರ್ವರುಗಳೂ ಒಬ್ಬನೇ ಒಡೆಯ.

ಫೆಡೋರದಲ್ಲಿ ಎಸ್‌ಇಲಿನಕ್ಸ್ ಎಂಬ ಎರಡನೆಯ ಕಾವಲೂ ಇದೆ. ಅದು ಪ್ರತಿ ಕಡತಕ್ಕೆ ಅಂಟಿಸಿರುವ ಚೀಟಿಯನ್ನು ಓದಿ ಅನುಮತಿಯನ್ನು ನಿರ್ಣಯಿಸುತ್ತದೆ. ಡೆಬಿಯನ್ನಿನಲ್ಲಿ ಈ ಕಾವಲು ರೂಢಿಯಲ್ಲಿಲ್ಲವಾದುದರಿಂದ ಅಲ್ಲಿ ಹುಟ್ಟಿದ ಕಡತಗಳಿಗೆ ಚೀಟಿಯಿಲ್ಲದಿರಬಹುದು. ಅಂಕೆಗಳು ಹೊಂದಿಕೊಂಡ ಮೇಲೂ ಅನುಮತಿ ದೊರೆಯದಿದ್ದರೆ ಫೆಡೋರದಲ್ಲಿ ಈ ಚೀಟಿಗಳನ್ನು ಸರಿಪಡಿಸಬೇಕು. ಕಾವಲನ್ನೇ ಕಿತ್ತುಹಾಕುವುದು ಪರಿಹಾರವಲ್ಲ.

ಆವೃತ್ತಿಯ ಒಪ್ಪಂದ

ಇದುವರೆಗೆ ಹೇಳಿದ ತೊಡಕುಗಳಲ್ಲಿ ಸರ್ವರು ನಿಂತುಹೋಗುತ್ತದೆಯೇ ಹೊರತು ಲೆಕ್ಕಪತ್ರ ಕೆಡುವುದಿಲ್ಲ. ಇನ್ನು ಮುಂದಿನವು ಹಾಗಲ್ಲ.

ಹೊಸ ಆವೃತ್ತಿಯ ಸರ್ವರು ಹಳೆಯ ಡೇಟಾಬೇಸನ್ನು ಕಂಡಾಗ ಅದರ ಮನೆಗಳನ್ನೂ ಕಲಮುಗಳನ್ನೂ ತನ್ನ ಕ್ರಮಕ್ಕೆ ತಕ್ಕಂತೆ ಪುನಃ ರಚಿಸುತ್ತದೆ. ಇದು ಒಮ್ಮುಖದ ದಾರಿ. ಹಾಗೆ ಪರಿವರ್ತನೆಯಾದುದನ್ನು ಹಳೆಯ ಆವೃತ್ತಿ ಓದಲಾರದು. ಜೆಲ್ಲಿಫಿನ್‌ನ ೧೦.೧೧ನೆಯ ಆವೃತ್ತಿ ೨೦೨೫ರಲ್ಲಿ ಹೊರಬಂದಾಗ, ಅದುವರೆಗೆ ಬೇರೆಯಾಗಿದ್ದ ಸಂಗ್ರಹದ ಡೇಟಾಬೇಸನ್ನು ಮುಖ್ಯ ಡೇಟಾಬೇಸಿನೊಳಗೆ ವಿಲೀನಗೊಳಿಸಿತು. ಆ ಮೇಲೆ ಮೊದಲೇ ತೆಗೆದಿಟ್ಟ ನಕಲಿನ ನೆರವಿಲ್ಲದೆ ೧೦.೧೦ಕ್ಕೆ ಮರಳುವಂತಿಲ್ಲ. ಫೆಡೋರದಲ್ಲಿ ಹೊಸ ಆವೃತ್ತಿಯೂ ಡೆಬಿಯನ್ನಿನಲ್ಲಿ ಹಳೆಯದೂ ಇದ್ದು, ಎರಡಕ್ಕೂ ಲೆಕ್ಕಪತ್ರ ಒಂದೇ ಆಗಿದ್ದರೆ, ಫೆಡೋರವನ್ನು ಒಂದೇ ಒಂದು ಸಂಜೆ ನಡೆಸಿದ್ದರಿಂದ ಡೆಬಿಯನ್ನಿನ ಸರ್ವರು ಕೈಕಟ್ಟಿ ಕುಳಿತುಕೊಳ್ಳುತ್ತದೆ. ಬೇರೆ ಬೇರೆ ವೇಗದಲ್ಲಿ ಸಾಗುವ ಎರಡು ವ್ಯವಸ್ಥೆಗಳನ್ನು ಆರಿಸಿಕೊಂಡವರಿಗೆ ಈ ಅಪಾಯ ಸದಾ ಇದೆ. ಆದುದರಿಂದ ಸರ್ವರಿನ ಆವೃತ್ತಿ ಎರಡು ಕಡೆಯೂ ಒಂದೇ ಇರಬೇಕು. ಒಂದನ್ನು ಏರಿಸುವ ದಿನವೇ ಇನ್ನೊಂದನ್ನೂ ಏರಿಸಬೇಕು. ಏರಿಸುವ ಮುನ್ನ ನಕಲು ತೆಗೆದಿಡಬೇಕು.

ಒಂದು ಹೊತ್ತಿಗೆ ಒಬ್ಬನೇ

ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆಗಳು ಒಟ್ಟಿಗೆ ಎಚ್ಚರವಿರುವುದಿಲ್ಲವೆಂದು ಹೇಳಿದೆವಷ್ಟೆ. ಉಗ್ರಾಣದ ರಕ್ಷಣೆಯೆಲ್ಲ ಈ ಸಂಗತಿಯ ಮೇಲೆ ನಿಂತಿದೆ. ಏಕೆಂದರೆ ವ್ಯವಸ್ಥೆಯೊಂದು ಬರೆಯಬೇಕಾದುದನ್ನು ಆ ಕ್ಷಣವೇ ಡಿಸ್ಕಿನ ಮೇಲೆ ಬರೆಯುವುದಿಲ್ಲ. ಕೆಲವು ಸೆಕೆಂಡುಗಳ ಕಾಲ ಸ್ಮರಣೆಯಲ್ಲಿ ಇಟ್ಟುಕೊಂಡು, ಆಮೇಲೆ ಒಟ್ಟಾಗಿ ಬರೆಯುತ್ತದೆ. ಡಿಸ್ಕಿನ ಮೇಲೆ ಏನೆಲ್ಲಿದೆ ಎಂಬ ತಿಳಿವಳಿಕೆಯನ್ನೂ ಅದು ಸ್ಮರಣೆಯಲ್ಲಿಯೇ ಇಟ್ಟುಕೊಂಡಿರುತ್ತದೆ. ತನಗೆ ತಿಳಿಯದಂತೆ ಇನ್ನೊಬ್ಬರು ಡಿಸ್ಕನ್ನು ತಿದ್ದಿದರೆ ಆ ತಿಳಿವಳಿಕೆ ಸುಳ್ಳಾಗುತ್ತದೆ.

ಹೀಗಾಗುವ ಸಂದರ್ಭವೊಂದುಂಟು. ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸದೆ ಹೈಬರ್ನೇಟ್ ಮಾಡಿದರೆ ಸ್ಮರಣೆಯಲ್ಲಿರುವುದೆಲ್ಲ ಡಿಸ್ಕಿಗೆ ನಕಲಾಗಿ, ಮುಂದೆ ಎಚ್ಚರಗೊಂಡಾಗ ಇದ್ದಲ್ಲಿಂದಲೇ ಕೆಲಸ ಸಾಗುತ್ತದೆ. ಡೆಬಿಯನ್ನನ್ನು ಹೀಗೆ ಮಲಗಿಸಿ ಫೆಡೋರವನ್ನು ಎಬ್ಬಿಸಿದೆವೆನ್ನಿ. ಫೆಡೋರ ಉಗ್ರಾಣವನ್ನು ಜೋಡಿಸಿಕೊಂಡು ಹೊಸ ಬರವಣಿಗೆ ಮಾಡುತ್ತದೆ. ಮರುದಿನ ಡೆಬಿಯನ್ ಎಚ್ಚರಗೊಂಡು, ತನ್ನ ಹಳೆಯ ಸ್ಮರಣೆಯೇ ಸತ್ಯವೆಂದು ನಂಬಿ ಅದರ ಮೇಲೆಯೇ ಬರೆಯತೊಡಗುತ್ತದೆ. ಡೇಟಾಬೇಸು ಮಾತ್ರವಲ್ಲ, ಕಡತ ವಿನ್ಯಾಸವೇ ಚಿಂದಿಯಾಗಬಹುದು. ಆದುದರಿಂದ ಹಂಚಿಕೆಯ ಉಗ್ರಾಣವಿರುವ ಯಂತ್ರದಲ್ಲಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಹೈಬರ್ನೇಟ್ ಸಲ್ಲದು; ಪೂರ್ತಿ ನಿಲ್ಲಿಸಿಯೇ ಹೋಗಬೇಕು.

ಪೂರ್ತಿ ನಿಲ್ಲಿಸುವುದರಿಂದ ಇನ್ನೊಂದು ಪ್ರಯೋಜನವಿದೆ. ಜೆಲ್ಲಿಫಿನ್ ಬಳಸುವ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸು, ಅಂಗಡಿಯವರು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಹೊಸ ಬರವಣಿಗೆಯನ್ನು ಮೊದಲು ಪಕ್ಕದ ಒಂದು ಕಡತದಲ್ಲಿ ಬರೆದಿಟ್ಟು ತರುವಾಯ ಮುಖ್ಯ ಕಡತಕ್ಕೆ ಏರಿಸಬಲ್ಲುದು. ಸರ್ವರನ್ನು ಕ್ರಮವಾಗಿ ನಿಲ್ಲಿಸಿದಾಗ ಬಾಕಿಯೆಲ್ಲ ಖಾತೆಗೆ ಏರಿರುತ್ತದೆ. ನಕಲು ತೆಗೆಯುವುದಕ್ಕೂ ಇದೇ ತಕ್ಕ ಸಮಯ. ಸರ್ವರು ನಡೆಯುತ್ತಿರುವಾಗ ಖಾತೆಯನ್ನಷ್ಟೇ ನಕಲಿಸಿದರೆ ಕಿರ್ದಿಯಲ್ಲಿ ಉಳಿದದ್ದು ನಕಲಿನಲ್ಲಿ ಇರುವುದಿಲ್ಲ.

ಎಷ್ಟನ್ನು ಹಂಚಿಕೊಳ್ಳಬೇಕು?

ಮೂರು ಬಗೆಯ ಸಾಮಗ್ರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಹಾಡು-ಚಿತ್ರಗಳ ಕಡತಗಳನ್ನು ನಿರಾತಂಕವಾಗಿ ಹಂಚಿಕೊಳ್ಳಬಹುದು. ಸರ್ವರಿಗೆ ಅವುಗಳನ್ನು ಓದುವ ಅಧಿಕಾರ ಮಾತ್ರ ಸಾಕು. ತಾತ್ಕಾಲಿಕ ಸಾಮಗ್ರಿಯನ್ನು ಹಂಚಿಕೊಳ್ಳುವ ಅವಶ್ಯಕತೆಯೇ ಇಲ್ಲ. ‘/ಎಟ್ಸಿ/ಜೆಲ್ಲಿಫಿನ್’ನಲ್ಲಿರುವ ನಿಯಮದ ಕಡತಗಳನ್ನೂ ಬೇರೆಯಾಗಿಯೇ ಇಡುವುದು ಲೇಸು, ಚಿತ್ರವನ್ನು ಮಾರ್ಪಡಿಸುವ ಉಪಕರಣ ಮೊದಲಾದವು ಎರಡು ವ್ಯವಸ್ಥೆಗಳಲ್ಲಿ ಬೇರೆ ಬೇರೆ ಸ್ಥಳಗಳಲ್ಲಿ ಇರಬಹುದು. ಉಳಿದದ್ದು ಲೆಕ್ಕಪತ್ರ. ನೋಡಿ ನಿಲ್ಲಿಸಿದ ಜಾಗ ಎರಡು ಕಡೆಯೂ ನೆನಪಿರಬೇಕೆನ್ನುವವರು, ಮೇಲಿನ ನಾಲ್ಕು ಒಪ್ಪಂದಗಳನ್ನೂ ಪಾಲಿಸಬಲ್ಲೆವೆಂಬ ಭರವಸೆಯಿದ್ದರೆ ಅದನ್ನು ಹಂಚಿಕೊಳ್ಳಬಹುದು.

ಅಷ್ಟು ಭರವಸೆಯಿಲ್ಲದವರಿಗೆ ಇನ್ನೊಂದು ದಾರಿಯಿದೆ. ಸರ್ವರು ತಾನು ಅರಿತ ವಿವರವನ್ನು ಎನ್‌ಎಫ್‌ಒ ಎಂಬ ಸಣ್ಣ ಕಡತಗಳಾಗಿ ಹಾಡು-ಚಿತ್ರಗಳ ಪಕ್ಕದಲ್ಲಿಯೇ ಬರೆದಿಡುವಂತೆ ವಿಧಿಸಬಹುದು. ಆಗ ಅಲ್ಲಿ ಬರೆಯುವ ಅಧಿಕಾರವನ್ನೂ ಅದಕ್ಕೆ ಕೊಡಬೇಕಾಗುತ್ತದೆ. ಇವು ಸಾಮಾನ್ಯ ಪಠ್ಯದ ಕಡತಗಳು. ಯಾರು ಬೇಕಾದರೂ ತೆರೆದು ಓದಬಹುದು. ಹಾಗೆ ಮಾಡಿದಲ್ಲಿ ಎರಡು ಸರ್ವರುಗಳೂ ತಮ್ಮ ತಮ್ಮ ಡೇಟಾಬೇಸುಗಳನ್ನು ಬೇರೆಯಾಗಿ ಇಟ್ಟುಕೊಂಡರೂ, ಕೈಯಾರೆ ಬರೆದು ತುಂಬಿಸಿದ ವಿವರ ಎರಡಕ್ಕೂ ದೊರೆಯುತ್ತದೆ. ಒಂದು ಡೇಟಾಬೇಸು ಕೆಟ್ಟರೂ, ಜೆಲ್ಲಿಫಿನ್‌ನ ಬದಲು ಬೇರೊಂದು ಸರ್ವರನ್ನು ತಂದರೂ ಭಾಗವತರ ಹೆಸರು ಅಳಿದುಹೋಗುವುದಿಲ್ಲ. ಹೊಸದಾಗಿ ಕಲಿಯುತ್ತಿರುವವರಿಗೆ ನಾವು ಈ ದಾರಿಯನ್ನೇ ಸೂಚಿಸುತ್ತೇವೆ.

ಯಾವ ದಾರಿಯನ್ನು ಹಿಡಿದರೂ ಮೊದಲು ಎರಡು-ಮೂರು ಹಾಡುಗಳನ್ನು ಮಾತ್ರ ಉಗ್ರಾಣದಲ್ಲಿಟ್ಟು ಪ್ರಯೋಗ ಮಾಡಿ ನೋಡಬೇಕು. ಒಂದು ವ್ಯವಸ್ಥೆಯಲ್ಲಿ ಒಂದು ಹಾಡಿನ ವಿವರವನ್ನು ತಿದ್ದಿ, ಯಂತ್ರವನ್ನು ಪೂರ್ತಿ ನಿಲ್ಲಿಸಿ, ಇನ್ನೊಂದರಲ್ಲಿ ಆ ತಿದ್ದುಪಡಿ ಕಾಣುವುದೇ ಎಂದು ಪರೀಕ್ಷಿಸಬೇಕು. ಅಲ್ಲಿ ಇನ್ನೊಂದನ್ನು ತಿದ್ದಿ, ಮರಳಿ ಬಂದು ನೋಡಬೇಕು. ಹೋಗಿ ಬರುವ ಎರಡು ದಾರಿಗಳೂ ಸುಗಮವೆಂದು ತಿಳಿದ ಮೇಲೆ ಉಳಿದ ಸಂಗ್ರಹವನ್ನು ಒಪ್ಪಿಸಬಹುದು. ಅದರ ಒಂದು ನಕಲನ್ನು ಈ ಯಂತ್ರದ ಹೊರಗೆ, ಬೇರೊಂದು ಡಿಸ್ಕಿನಲ್ಲಿ ಇಟ್ಟಿರುವುದನ್ನು ಮಾತ್ರ ಎಂದೂ ಮರೆಯಬಾರದು.